ಮನಸ್ಸಿಗೆ ಮದ್ದು, ಮೂತ್ರಪಿಂಡಕ್ಕೆ ಕಾವಲು

ಬೇಸಿಗೆಯ ನಡುವಿನಲ್ಲಿ ಭೀಮಾನದಿಯ ದಕ್ಷಿಣದ ಎರೆನಾಡು ಕಾದ ಹಂಚಿನಂತಾಗುತ್ತದೆ. ಚಡಚಣ, ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಆ ದಿನಗಳಲ್ಲಿ ನೀರಿನ ಹರವಿಯ ಬಳಿಗೆ ಹತ್ತಾರು ಸಲ ಹೋಗದವರೇ ಇಲ್ಲ. ಎಲ್ಲರೂ ಬಾಯಾರಿರುವ ಊರಿನಲ್ಲಿ ಒಬ್ಬನ ಬಾಯಾರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆ ಬಿದ್ದು ನೆಲ ತಣಿದ ಮೇಲೂ ಆತನು ಚರಿಗೆಯ ಮೇಲೆ ಚರಿಗೆ ನೀರು ಕುಡಿಯುತ್ತಲೇ ಇದ್ದರೆ, ರಾತ್ರಿ ನಾಲ್ಕಾರು ಸಲ ಎದ್ದು ಹೊರಗೆ ಹೋಗುತ್ತಲೇ ಇದ್ದರೆ, ಆಗ ಮನೆಯವರಿಗೆ ಸಂಶಯ ಹುಟ್ಟುತ್ತದೆ. ಸಕ್ಕರೆ ರೋಗವಿರಬಹುದೆಂದು ದವಾಖಾನೆಗೆ ಕರೆದೊಯ್ಯುತ್ತಾರೆ. ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇದೆಯೆಂದು ತಿಳಿದಾಗ ನೆಮ್ಮದಿಯಿಂದ ಹಿಂದಿರುಗುತ್ತಾರೆ. ಬಾಯಾರಿಕೆ ಮಾತ್ರ ಹಿಂದಿರುಗುವುದಿಲ್ಲ.

ಅಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನನಿಗೆ ನಲವತ್ತೈದರ ಪ್ರಾಯ. ಹನ್ನೆರಡು ವರ್ಷಗಳ ಹಿಂದೆ ಆತನಿಗೆ ಎಂಟು ರಾತ್ರಿ ನಿದ್ರೆಯೇ ಬರಲಿಲ್ಲ. ಮಾತು ಹೊಳೆಯಾಗಿ ಹರಿಯಿತು. ಹೊಲ ಮಾರಿ ಕಾರ್ಖಾನೆ ತೆರೆಯುವೆನೆಂದು ಊರೆಲ್ಲ ಸಾರಿ ಬಂದನು. ಕೆಲವು ತಿಂಗಳ ಬಳಿಕ ಅದೇ ಮನುಷ್ಯನು ಮೂಲೆ ಹಿಡಿದು ಕುಳಿತು, ಅನ್ನನೀರು ಬಿಟ್ಟು, ಬಾವಿಯ ಕಡೆಗೆ ನೋಡತೊಡಗಿದನು. ಉನ್ಮಾದ ಮತ್ತು ಖಿನ್ನತೆಗಳು ಸರದಿಯ ಮೇಲೆ ಬರುವ ಈ ಬೇನೆಗೆ ವೈದ್ಯರು ಬೈಪೋಲಾರ್ ಎನ್ನುತ್ತಾರೆ. ಮನೋವೈದ್ಯರು ಲಿಥಿಯಂ ಗುಳಿಗೆ ಕೊಟ್ಟರು. ಅಂದಿನಿಂದ ಹನ್ನೆರಡು ವರ್ಷ ಆತನು ಎಲ್ಲರಂತೆ ಬಾಳಿದನು. ನಿಂಬೆಯ ತೋಟ ಮಾಡಿದನು. ಮಗಳ ಮದುವೆ ಮಾಡಿದನು. ಈಗ ಈ ಬಾಯಾರಿಕೆ.

“ನೀರ್ ಕಡಿಮಿ ಕುಡಿಯೋ ತಮ್ಮಾ, ರಾತ್ರಿ ನಿದ್ದಿನಾದ್ರೂ ಆಗ್ಲಿ” ಎಂದು ತಾಯಿ ಹೇಳುತ್ತಾಳೆ. “ಆ ಗುಳಿಗಿ ಕಿಡ್ನಿ ತಿಂತೈತಿ, ಇವತ್ತೇ ಬಿಟ್ಟುಬಿಡು” ಎಂದು ಕಟ್ಟೆಯ ಮೇಲಿನ ಗೆಳೆಯ ಹೇಳುತ್ತಾನೆ. ಎರಡೂ ಪ್ರೀತಿಯ ಮಾತುಗಳೇ. ಎರಡನ್ನೂ ನಡೆಸಿದರೆ ಆತನ ಜೀವಕ್ಕೇ ಸಂಚಕಾರ ಬರಬಹುದು. ಹೇಗೆಂಬುದನ್ನು ತಿಳಿಯಬೇಕಾದರೆ ಈ ಗುಳಿಗೆಯ ಪೂರ್ವೋತ್ತರವನ್ನು ಸ್ವಲ್ಪ ಅರಿಯಬೇಕು.

ಉಪ್ಪಿನ ದಾಯಾದಿ

ಲಿಥಿಯಂ ಒಂದು ಲೋಹ. 1817ರಲ್ಲಿ ಸ್ವೀಡನ್ನಿನ ರಸಾಯನಜ್ಞ ಅರ್ಫ್ವೆಡ್ಸನ್ ಅದನ್ನು ಒಂದು ಖನಿಜದಲ್ಲಿ ಕಂಡುಹಿಡಿದನು. ಗ್ರೀಕ್ ಭಾಷೆಯಲ್ಲಿ ಕಲ್ಲು ಎಂಬರ್ಥದ ಶಬ್ದದಿಂದ ಅದಕ್ಕೆ ಆ ಹೆಸರು ಬಂದಿತು. ಅಡಿಗೆಯ ಉಪ್ಪಿನಲ್ಲಿರುವ ಸೋಡಿಯಮ್ಮಿಗೂ ಅದಕ್ಕೂ ಒಂದೇ ಕುಲ. ಈ ದಾಯಾದಿತನವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದಿನ ಅನರ್ಥಗಳಿಗೆಲ್ಲ ಮೂಲ ಅದೇ.

ಆಸ್ಟ್ರೇಲಿಯದ ಮನೋವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಉನ್ಮಾದಕ್ಕೊಳಗಾದ ಹತ್ತು ಮಂದಿಗೆ ಲಿಥಿಯಂ ಲವಣ ಕೊಟ್ಟು ಕಂಡ ಗುಣವನ್ನು ವರದಿ ಮಾಡಿದನು. ಉನ್ಮತ್ತರನ್ನು ಕೋಣೆಯಲ್ಲಿ ಕೂಡಿಹಾಕುವುದು, ವಿದ್ಯುದಾಘಾತ ಕೊಡುವುದು ಮೊದಲಾದವುಗಳ ಹೊರತು ಹೆಚ್ಚಿನ ಉಪಾಯವಿಲ್ಲದಿದ್ದ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಆದರೆ ಕೇಡನು ಮೊಟ್ಟಮೊದಲು ಗುಣಪಡಿಸಿದ ರೋಗಿಯೇ 1950ರಲ್ಲಿ ಲಿಥಿಯಂ ವಿಷವೇರಿ ತೀರಿಕೊಂಡನು. ಅದೇ 1949ರಲ್ಲಿ ಅಮೆರಿಕದಲ್ಲಿ, ಉಪ್ಪು ವರ್ಜ್ಯವಾದ ಹೃದ್ರೋಗಿಗಳಿಗೆಂದು ಲಿಥಿಯಂ ಲವಣವನ್ನು ಉಪ್ಪಿನ ಬದಲು ಮಾರಲಾಗಿ ಕೆಲವರು ಸತ್ತರು. ಸರಕಾರವು ಆ ಮಾರಾಟವನ್ನು ನಿಲ್ಲಿಸಿತು. ಒಂದೇ ವಸ್ತು ಒಂದು ಕೈಯಲ್ಲಿ ಅಮೃತ, ಇನ್ನೊಂದು ಕೈಯಲ್ಲಿ ವಿಷ.

ಡೆನ್ಮಾರ್ಕಿನ ಮೋಗೆನ್ಸ್ ಶೌ 1954ರಲ್ಲಿ ಕ್ರಮಬದ್ಧವಾದ ಪರೀಕ್ಷೆ ನಡೆಸಿ ಕೇಡನ ಮಾತನ್ನು ಸ್ಥಿರಪಡಿಸಿದನು. ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ಅಳೆಯುವ ಯಂತ್ರಗಳೂ ಆ ದಶಕದಲ್ಲಿ ಬಳಕೆಗೆ ಬಂದವು. ಅಳತೆ ದೊರೆತ ಮೇಲೆಯೇ ಲಿಥಿಯಂ ನಂಬಿಕೆಯ ಔಷಧವಾಯಿತು. ಅಮೆರಿಕ ಸರಕಾರವು ಅದಕ್ಕೆ ಅನುಮತಿ ಕೊಟ್ಟುದು 1970ರಲ್ಲಿ. ಇಂದಿಗೂ ಬೈಪೋಲಾರ್ ಬೇನೆಯ ಮರುಕಳಿಕೆಯನ್ನು ತಡೆಯುವುದರಲ್ಲಿ ಅದು ಅಗ್ರಪಂಕ್ತಿಯ ಔಷಧ. ರೋಗಿಯನ್ನು ಆತ್ಮಹತ್ಯೆಯಿಂದ ಕಾಯುವ ಶಕ್ತಿ ಅದಕ್ಕಿರುವುದೂ ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

1977ರಲ್ಲಿ ಅದೇ ಡೆನ್ಮಾರ್ಕಿನಿಂದ ಇನ್ನೊಂದು ವಾರ್ತೆ ಹೊರಟಿತು. ದೀರ್ಘಕಾಲ ಲಿಥಿಯಂ ಸೇವಿಸಿದ ಕೆಲವರ ಮೂತ್ರಪಿಂಡಗಳಲ್ಲಿ ಗಾಯದ ಕಲೆಗಳಂಥ ಬದಲಾವಣೆಗಳು ಕಂಡುಬಂದಿವೆಯೆಂದು ಅಲ್ಲಿನ ವೈದ್ಯರು ವರದಿ ಮಾಡಿದರು. ಮನಸ್ಸನ್ನು ಕಾಯುವ ಮದ್ದಿಗೇ ಒಂದು ಕಾವಲು ಬೇಕೆಂಬ ವಿವೇಕ ವೈದ್ಯಲೋಕದಲ್ಲಿ ಬಲವಾಗಿ ಬೇರೂರಿದ್ದು ಆಮೇಲೆ.

ಮುಚ್ಚದ ತೂಬು

ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಆದರೆ ಹೊರಬೀಳುವ ಮೂತ್ರ ಒಂದೆರಡು ಲೀಟರ್ ಮಾತ್ರ. ಉಳಿದ ನೀರನ್ನೆಲ್ಲ ಸೂಕ್ಷ್ಮನಾಳಗಳು ಮರಳಿ ದೇಹಕ್ಕೆ ಸೇರಿಸುತ್ತವೆ. ಬರಗಾಲದ ಸೀಮೆಯ ಜಾಣ ಒಕ್ಕಲಿಗನು ಸಹ ನೀರನ್ನು ಅಷ್ಟು ಜೋಪಾನ ಮಾಡಲಾರನು.

ನಾಳಗಳ ಕೊನೆಯ ಭಾಗದಲ್ಲಿ ನೀರಿಗೆಂದೇ ಇರುವ ಸೂಕ್ಷ್ಮ ದ್ವಾರಗಳಿವೆ. ಇವುಗಳ ರಹಸ್ಯವನ್ನು ಬಿಡಿಸಿದ ಅಮೆರಿಕದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ದೇಹದಲ್ಲಿ ನೀರು ಕಡಿಮೆಯಾದಾಗ ಮೆದುಳಿನಿಂದ ವ್ಯಾಸೊಪ್ರೆಸಿನ್ ಎಂಬ ರಸವು ಹೊರಟು ಬಂದು, ನೀರನ್ನು ಹಿಂದಕ್ಕೆ ಎಳೆದುಕೊಳ್ಳಿರೆಂದು ನಾಳಗಳಿಗೆ ಅಪ್ಪಣೆ ಕೊಡುತ್ತದೆ. ಲಿಥಿಯಂ ಇಲ್ಲಿಯೇ ತೊಡಕು ಮಾಡುವುದು. ಸೋಡಿಯಮ್ಮಿನ ದಾಯಾದಿಯಾದುದರಿಂದ ಸೋಡಿಯಮ್ಮಿಗಾಗಿ ಇರುವ ಬಾಗಿಲಿನಿಂದಲೇ ಅದು ನಾಳದ ಜೀವಕೋಶಗಳೊಳಗೆ ನುಸುಳುತ್ತದೆ. ಒಳಹೊಕ್ಕು ನೀರಿನ ದ್ವಾರಗಳನ್ನು ಕುಗ್ಗಿಸುತ್ತದೆ. ಅಪ್ಪಣೆ ಬರುತ್ತದೆ, ಪಾಲಿಸುವವರಿಲ್ಲ. ಕೆರೆಯ ತೂಬು ಮುಚ್ಚದೆ ಹೋದಂತೆ ನೀರು ಹರಿದುಹೋಗುತ್ತದೆ. ದಿನಕ್ಕೆ ಮೂರು ಲೀಟರಿಗೂ ಮಿಕ್ಕಿ ನೀರಿನಂಥ ತಿಳಿಮೂತ್ರ ಹೋಗುವುದುಂಟು. ಆ ನಷ್ಟವನ್ನು ತುಂಬಲೆಂದೇ ಬಾಯಾರಿಕೆ.

ಇದರಿಂದ ತಾಯಿಯ ಮಾತಿನ ಅಪಾಯ ಸ್ಪಷ್ಟವಾಗುತ್ತದೆ. ಮಗನು ನೀರು ಕುಡಿದುದರಿಂದ ಮೂತ್ರ ಹೋಗುತ್ತಿಲ್ಲ. ಮೂತ್ರ ಹೋಗುತ್ತಿರುವುದರಿಂದ ನೀರು ಕುಡಿಯುತ್ತಿದ್ದಾನೆ. ನೀರನ್ನು ತಡೆದರೆ ಮೂತ್ರ ನಿಲ್ಲುವುದಿಲ್ಲ, ದೇಹ ಒಣಗುತ್ತದೆ. ದೇಹ ಒಣಗಿದಾಗ ಮೂತ್ರಪಿಂಡವು ಉಪ್ಪನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪೆಂದು ಭ್ರಮಿಸಿ ಲಿಥಿಯಮ್ಮನ್ನೂ ಹಿಡಿದಿಡುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗುತ್ತದೆ.

ಇದಲ್ಲದೆ ಇನ್ನೊಂದು ಬಗೆಯ ಕೇಡು ಇದೆ. ಅದು ಸದ್ದಿಲ್ಲದ್ದು. ಹತ್ತು, ಇಪ್ಪತ್ತು ವರ್ಷಗಳ ಸೇವನೆಯಿಂದ ಕೆಲವರಲ್ಲಿ ಸೋಸುವ ಶಕ್ತಿಯೇ ಮೆಲ್ಲಮೆಲ್ಲಗೆ ಇಳಿಯುತ್ತದೆ. ನೋವಿಲ್ಲ, ಬಾವಿಲ್ಲ, ರಕ್ತಪರೀಕ್ಷೆಯೊಂದೇ ಅದನ್ನು ಹೇಳಬಲ್ಲುದು. ಆದರೆ ಕಟ್ಟೆಯ ಮೇಲಿನ ಗೆಳೆಯನು ಹೆದರಿಸಿದಷ್ಟು ಅದು ವ್ಯಾಪಕವಲ್ಲ. ಸ್ವೀಡನ್ನಿನಲ್ಲಿ 3369 ಮಂದಿ ಲಿಥಿಯಂ ಸೇವಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂತ್ರಪಿಂಡ ಪೂರ್ತಿ ಕೆಟ್ಟು ಡಯಾಲಿಸಿಸ್ ಅಥವಾ ಬದಲಿ ಮೂತ್ರಪಿಂಡದ ಹಂತಕ್ಕೆ ಬಂದವರು 18 ಮಂದಿ. ಅಂದರೆ ಸಾವಿರಕ್ಕೆ ಐವರು. ಅದೂ ಬಹುಮಟ್ಟಿಗೆ ಎರಡು ದಶಕಗಳ ಸೇವನೆಯ ನಂತರ. ಅಪಾಯವು ನಿಜ, ಆದರೆ ಅದು ನಿಧಾನವಾಗಿ ನಡೆದು ಬರುವಂಥದು. ನಡೆದು ಬರುವ ಶತ್ರುವನ್ನು ಊರ ಹೊರಗೇ ಗುರುತಿಸಲು ಸಾಧ್ಯ.

ಬಿಟ್ಟರೆ ಏನಾದೀತು?

ಹಾಗಾದರೆ ಗುಳಿಗೆಯನ್ನು ಬಿಟ್ಟೇಬಿಟ್ಟರಾಗದೇ? ಹಠಾತ್ತನೆ ಬಿಟ್ಟವರಲ್ಲಿ ಉನ್ಮಾದವು ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮರಳಿ ಬರುವ ಸಂಭವ ಬಹಳ. ಖಿನ್ನತೆ ಮರಳಿದರೆ ಆತ್ಮಹತ್ಯೆಯ ಭಯವೂ ಅದರ ಬೆನ್ನಿಗೇ ಬರುತ್ತದೆ. ಇಪ್ಪತ್ತು ವರ್ಷಗಳ ಆಚೆ ಬರಬಹುದಾದ ಮೂತ್ರಪಿಂಡದ ಕೇಡಿಗೆ ಹೆದರಿ, ಈ ದೀಪಾವಳಿಯೊಳಗೆ ಬರಬಹುದಾದ ಸಾವನ್ನು ಕರೆದಂತಾಗುತ್ತದೆ. ಬಿಡಲೇಬೇಕಾದ ಪ್ರಸಂಗ ಬಂದಲ್ಲಿ ಮನೋವೈದ್ಯರು ಪ್ರಮಾಣವನ್ನು ಹಲವು ವಾರಗಳಿಂದ ಮೂರು ತಿಂಗಳವರೆಗೆ ಹಂತಹಂತವಾಗಿ ಇಳಿಸುತ್ತಾರೆ, ಬದಲಿ ಔಷಧವನ್ನೂ ಏರ್ಪಡಿಸುತ್ತಾರೆ. ವಿಷವೇರಿದ ಲಕ್ಷಣ ಕಂಡಾಗ ಮಾತ್ರ ಬೇರೆ ನಿಯಮ. ಆಗ ಗುಳಿಗೆಯನ್ನು ತಡೆಹಿಡಿದು ತಡಮಾಡದೆ ಆಸ್ಪತ್ರೆ ಸೇರಬೇಕು.

ಚಿಕಿತ್ಸೆಯ ಮೆಟ್ಟಲುಗಳು

ಮೊದಲನೆಯದು ನಿಜಸ್ಥಿತಿಯನ್ನು ಅರಿಯುವುದು. ಬಾಯಾರಿಕೆಗೆ ಸಕ್ಕರೆ ರೋಗವೂ ಕಾರಣವಾಗಬಹುದು, ರಕ್ತದಲ್ಲಿ ಹೆಚ್ಚಿದ ಕ್ಯಾಲ್ಸಿಯಮ್ಮೂ ಆಗಬಹುದು. ಕ್ಯಾಲ್ಸಿಯಂ ಏರುವುದು ಸ್ವತಃ ಲಿಥಿಯಮ್ಮಿನ ಇನ್ನೊಂದು ಉಪದ್ರವ. ಆದುದರಿಂದ ಸಕ್ಕರೆ, ಕ್ಯಾಲ್ಸಿಯಂ, ಸೋಡಿಯಂ, ಕ್ರಿಯಾಟಿನಿನ್, ಲಿಥಿಯಂ ಇಷ್ಟನ್ನೂ ರಕ್ತದಲ್ಲಿ ನೋಡುತ್ತಾರೆ. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಡಬ್ಬಿಯಲ್ಲಿ ಕೂಡಿಸಿ ಅಳೆದು ತರಲು ಹೇಳುವುದೂ ಉಂಟು.

ಎರಡನೆಯದು ಪ್ರಮಾಣವನ್ನು ಪರಿಶೀಲಿಸುವುದು. ರಕ್ತದ ಲೀಟರೊಂದರಲ್ಲಿ 0.6ರಿಂದ 0.8 ಮಿಲಿಮೋಲ್ ಲಿಥಿಯಂ ಇದ್ದರೆ ಬಹು ಮಂದಿಗೆ ಬೇನೆ ಮರುಕಳಿಸದಂತೆ ಕಾಯಲು ಸಾಕು. ಪ್ರಮಾಣ 1.5ಕ್ಕೆ ಮುಟ್ಟಿತೆಂದರೆ ವಿಷದ ಎಲ್ಲೆಗೆ ಕಾಲಿಟ್ಟಂತೆ; ಬಹುಕಾಲದಿಂದ ಸೇವಿಸುತ್ತಿರುವವರಲ್ಲಿ ಅದಕ್ಕಿಂತ ಕೆಳಗೂ ವಿಷಲಕ್ಷಣ ಕಾಣಬಹುದು. ಆದುದರಿಂದ ಮನಸ್ಸನ್ನು ಸ್ಥಿರವಾಗಿಡಬಲ್ಲ ಕನಿಷ್ಠ ಪ್ರಮಾಣಕ್ಕೆ ಇಳಿಸುತ್ತಾರೆ. ದಿನಕ್ಕೆರಡು ಮೂರು ಬಾರಿ ಕೊಡುವ ಬದಲು ರಾತ್ರಿ ಒಂದೇ ಸಲ ಕೊಟ್ಟರೆ ಮೂತ್ರದ ಕಾಟ ತಗ್ಗುವುದೆಂದು ಅನೇಕ ವೈದ್ಯರು ಆ ಪದ್ಧತಿಯನ್ನು ಅನುಸರಿಸುತ್ತಾರೆ.

ಮೂರನೆಯದು ಅಮಿಲೋರೈಡ್ ಎಂಬ ಔಷಧ. ನಾಳದ ಜೀವಕೋಶಕ್ಕೆ ಲಿಥಿಯಂ ನುಸುಳುವ ಆ ಸೋಡಿಯಂ ಬಾಗಿಲನ್ನೇ ಇದು ಅಡ್ಡಗಟ್ಟುತ್ತದೆ. 1985ರಲ್ಲಿ ಇದರ ಪ್ರಯೋಜನ ವರದಿಯಾಯಿತು. ಮೂತ್ರವರ್ಧಕದ ಗುಂಪಿಗೆ ಸೇರಿದ ಮದ್ದು ಇಲ್ಲಿ ಮೂತ್ರವನ್ನು ಕಡಿಮೆ ಮಾಡುವುದು ವಿಚಿತ್ರವಾದರೂ ನಿಜ. ಆದರೆ ಇದು ರಕ್ತದ ಪೊಟ್ಯಾಸಿಯಮ್ಮನ್ನು ಏರಿಸಬಲ್ಲುದಾದುದರಿಂದ ಪರೀಕ್ಷೆಯಿಲ್ಲದೆ ಸಲ್ಲದು. ಬೇರೆ ಮೂತ್ರವರ್ಧಕಗಳೊಡನೆ ಬೆರೆಸಿದ ಗುಳಿಗೆಗಳಲ್ಲಿಯೂ ಇದೇ ಹೆಸರು ಕಾಣಸಿಗುತ್ತದೆ. ಹೆಸರು ನೋಡಿ ಅಂಗಡಿಯಿಂದ ಕೊಂಡುತಂದರೆ ಜೊತೆಯ ಔಷಧವು ಲಿಥಿಯಮ್ಮನ್ನು ಏರಿಸಿ ಅನಾಹುತ ಮಾಡೀತು.

ನಾಲ್ಕನೆಯ ಮೆಟ್ಟಲು ಕಠಿಣವಾದುದು. ಸೋಸುವ ಶಕ್ತಿ ಪರೀಕ್ಷೆಯಿಂದ ಪರೀಕ್ಷೆಗೆ ಇಳಿಯುತ್ತಲೇ ಇದ್ದರೆ ಮನೋವೈದ್ಯರೂ ಮೂತ್ರಪಿಂಡದ ತಜ್ಞರೂ ಕೂಡಿ ನಿರ್ಣಯಿಸಬೇಕಾಗುತ್ತದೆ. ವಾಲ್‌ಪ್ರೋಯೇಟ್, ಲ್ಯಾಮೊಟ್ರಿಜಿನ್, ಕ್ವಟಿಯಾಪಿನ್ ಮೊದಲಾದ ಬದಲಿ ಔಷಧಗಳಿವೆ. ಆದರೆ ಎಲ್ಲರಿಗೂ ಅವು ಲಿಥಿಯಮ್ಮಿನಷ್ಟು ಒಗ್ಗುವುದಿಲ್ಲ. ಲಿಥಿಯಂ ನಿಲ್ಲಿಸಿದ ಮೇಲೆ ಕೆಲವರ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ, ಕೆಲವರದು ಇದ್ದಲ್ಲೇ ನಿಲ್ಲುತ್ತದೆ. ಕೇಡು ಬಹಳ ಮುಂದುವರಿದಿದ್ದರೆ ನಿಲ್ಲಿಸಿದರೂ ಇಳಿಯುತ್ತಲೇ ಹೋಗುವುದುಂಟು. ಆದುದರಿಂದಲೇ ಬೇಗ ಕಂಡುಹಿಡಿಯುವುದಕ್ಕೆ ಅಷ್ಟು ಬೆಲೆ. ಬೇರೆ ಯಾವ ಔಷಧಕ್ಕೂ ಜಗ್ಗದೆ ಲಿಥಿಯಮ್ಮಿಗೆ ಮಾತ್ರ ಬಗ್ಗಿದ ಬೇನೆಯುಳ್ಳವರು, ತಗ್ಗಿಸಿದ ಪ್ರಮಾಣದಲ್ಲಿ, ಬಿಗಿಯಾದ ಕಾವಲಿನಲ್ಲಿ ಅದನ್ನೇ ಮುಂದುವರಿಸುವುದೂ ಇದೆ. ಈ ತೂಕವನ್ನು ಹಿಡಿಯುವಾಗ ತಕ್ಕಡಿಯ ಬಳಿ ರೋಗಿಯೂ ಆತನ ಮನೆಯವರೂ ಇರಬೇಕಾದುದು ನ್ಯಾಯ.

ಬಿಸಿಲಿನ ಸೀಮೆಯ ಮೂರು ಹೊಂಡಗಳು

ವಿಜಯಪುರ ಜಿಲ್ಲೆಯಂಥ ಬಿಸಿಲಿನ ಸೀಮೆಯಲ್ಲಿ ಲಿಥಿಯಂ ಸೇವಿಸುವವರು ಮೂರು ಹೊಂಡಗಳನ್ನು ತಪ್ಪಿಸಿ ನಡೆಯಬೇಕು.

ಒಂದು, ನೀರು ಮತ್ತು ಉಪ್ಪಿನ ಅಭಾವ. ಉರಿಬಿಸಿಲಿನಲ್ಲಿ ಕಬ್ಬು ಕಡಿಯುವವನ, ಹೊಲದಲ್ಲಿ ದುಡಿಯುವವನ ಬೆವರಿನೊಡನೆ ಇವೆರಡೂ ಹೋಗುತ್ತವೆ. ವಾಂತಿಭೇದಿಯಲ್ಲಿಯೂ ಹಾಗೆಯೇ. ಅಂಥ ದಿನ ಯಥೇಷ್ಟವಾಗಿ ನೀರು, ಉಪ್ಪು ಹಾಕಿದ ಮಜ್ಜಿಗೆ, ನಿಂಬೆಯ ಪಾನಕ ಬೇಕು. ವಾಂತಿಭೇದಿ ಹಿಡಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಅವರು ಗುಳಿಗೆಯನ್ನು ತಾತ್ಕಾಲಿಕವಾಗಿ ತಡೆದು ರಕ್ತ ಪರೀಕ್ಷಿಸುವುದು ವಾಡಿಕೆ. ಯಾರೋ ಹೇಳಿದರೆಂದು ಊಟದ ಉಪ್ಪನ್ನು ಒಮ್ಮೆಲೆ ಬಿಡಬಾರದು. ನಿರಾಹಾರದ ಏಕಾದಶಿಯಾಗಲಿ ರಮಜಾನಿನ ರೋಜಾ ಆಗಲಿ, ಮುಂಚಿತವಾಗಿ ವೈದ್ಯರನ್ನು ಕೇಳಿಯೇ ಹಿಡಿಯಬೇಕು.

ಎರಡು, ನೋವಿನ ಗುಳಿಗೆ. ಸೊಂಟ ಹಿಡಿದರೆ, ಮೊಣಕಾಲು ನೊಂದರೆ ಅಂಗಡಿಯಿಂದ ಗುಳಿಗೆ ತಂದು ನುಂಗುವುದು ಎಲ್ಲೆಡೆಯ ರೂಢಿ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಮೊದಲಾದವು ಮೂತ್ರಪಿಂಡದ ಮೂಲಕ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಹಾಗೂ ಥಯಝೈಡ್ ವರ್ಗದ ಮೂತ್ರವರ್ಧಕಗಳೂ ಹಾಗೆಯೇ. ನೋವು ಜ್ವರಗಳಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ನಿರಪಾಯಕರ. ಯಾವ ವೈದ್ಯರ ಎದುರಿಗೆ ಕುಳಿತರೂ, ದಂತವೈದ್ಯರಾಗಿರಲಿ, ಶಸ್ತ್ರವೈದ್ಯರಾಗಿರಲಿ, “ಲಿಥಿಯಂ ತೊಗೋತೀನ್ರಿ” ಎಂಬ ಮಾತು ಮೊದಲು ಬರಬೇಕು. ಶಸ್ತ್ರಕ್ರಿಯೆಗೆಂದು ನೀರು ನಿಲ್ಲಿಸುವಾಗ ಈ ಬಾಯಾರಿಕೆಯುಳ್ಳ ರೋಗಿಗೆ ವಿಶೇಷ ಎಚ್ಚರಿಕೆ ಬೇಕಾಗುತ್ತದೆ.

ಮೂರು, ವಿಷದ ಲಕ್ಷಣವನ್ನು ಕುಡಿತವೆಂದು ತಪ್ಪು ತಿಳಿಯುವುದು. ಕೈ ಜೋರಾಗಿ ನಡುಗುವುದು, ಹೆಜ್ಜೆ ತಪ್ಪುವುದು, ಮಾತು ತೊದಲುವುದು, ವಾಂತಿ, ಭೇದಿ, ಮಂಪರು ಇವು ಲಿಥಿಯಂ ಏರಿದುದರ ಗುರುತು. ನೋಡುವವರಿಗೆ ಕುಡಿದವನಂತೆ ಕಾಣುವುದರಿಂದ “ಮಲಗಿ ಎದ್ದರೆ ಸರಿಹೋದೀತು” ಎಂದು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು. ವಿಷ ವಿಪರೀತವಾದರೆ ಡಯಾಲಿಸಿಸ್ ಮೂಲಕ ರಕ್ತದಿಂದ ಲಿಥಿಯಮ್ಮನ್ನು ತೆಗೆಯಬಹುದು. ಹೊತ್ತು ಮೀರಿದರೆ ಮೆದುಳಿಗೆ ಶಾಶ್ವತವಾದ ಊನ ಉಳಿಯಬಹುದು.

ಕಾವಲಿನ ಕ್ರಮ

ಕಾವಲೆಂದರೆ ಬೇರೇನೂ ಅಲ್ಲ, ನಿಯಮಿತ ರಕ್ತಪರೀಕ್ಷೆ. ಗುಳಿಗೆ ಆರಂಭಿಸುವ ಮುನ್ನ ಒಮ್ಮೆ. ಪ್ರಮಾಣ ನೆಲೆಗೊಳ್ಳುವವರೆಗೆ ವಾರವಾರ. ಮೊದಲ ವರ್ಷದಲ್ಲಿ ಮೂರು ತಿಂಗಳಿಗೊಮ್ಮೆ. ಅನಂತರ ಆರು ತಿಂಗಳಿಗೊಮ್ಮೆ. ವಯಸ್ಸಾದವರಿಗೂ ಮೂತ್ರಪಿಂಡ ಸೊರಗಿದವರಿಗೂ ಇನ್ನೂ ಬೇಗ. ಲಿಥಿಯಮ್ಮಿನ ಜೊತೆಗೆ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಮ್ಮುಗಳನ್ನೂ ಆರು ತಿಂಗಳಿಗೊಮ್ಮೆ ನೋಡಬೇಕು. ಲಿಥಿಯಂ ಅಳೆಯಲು ರಕ್ತವನ್ನು ಕೊನೆಯ ಗುಳಿಗೆಯ ನಂತರ 12 ಗಂಟೆಗೆ ತೆಗೆಯಬೇಕು. ರಾತ್ರಿ ಎಂಟಕ್ಕೆ ಗುಳಿಗೆ ತೆಗೆದುಕೊಂಡವನು ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಬೇಕು. ಬೆಳಗಿನ ಗುಳಿಗೆ ನುಂಗಿ ಬಂದು ರಕ್ತ ಕೊಟ್ಟರೆ ಅಂಕಿ ಸುಳ್ಳು ಹೇಳುತ್ತದೆ. ಕ್ರಿಯಾಟಿನಿನ್ ಒಂದನ್ನೇ ನೋಡಿ ನಿಶ್ಚಿಂತರಾಗಲೂಬಾರದು; ಸಣಕಲು ಮೈಯವರಲ್ಲಿ ಅದು ಸರಿಯಾಗಿದ್ದಂತೆ ಕಂಡರೂ ಸೋಸುವ ಶಕ್ತಿ ತಗ್ಗಿರಬಹುದು. ವಯಸ್ಸು ಮೊದಲಾದವುಗಳನ್ನು ಲೆಕ್ಕಕ್ಕೆ ಹಿಡಿದು ತೆಗೆಯುವ ಸೋಸುವಿಕೆಯ ಅಂಕಿ ಮೂರು ತಿಂಗಳಿಗೂ ಮೇಲ್ಪಟ್ಟು 60ಕ್ಕಿಂತ ಕೆಳಗಿದ್ದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ರೋಗವೆಂದು ಗಣಿಸುತ್ತಾರೆ.

ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಚಡಚಣದವರಿಗೆ ಒಂದು ಕಡೆ ವಿಜಯಪುರ, ಇನ್ನೊಂದು ಕಡೆ ಮಹಾರಾಷ್ಟ್ರದ ಸೊಲ್ಲಾಪುರ. ಮನಸ್ಸಿಗೆ ಒಂದೂರಿನ ವೈದ್ಯರು, ಮೊಣಕಾಲಿಗೆ ಇನ್ನೊಂದೂರಿನ ವೈದ್ಯರು; ಒಬ್ಬರ ಚೀಟಿ ಮತ್ತೊಬ್ಬರ ಕಣ್ಣಿಗೆ ಬೀಳುವುದಿಲ್ಲ. ದುಡಿಮೆಗೆಂದು ಗಡಿ ದಾಟಿ ತಿಂಗಳುಗಟ್ಟಲೆ ಹೊರಗಿರುವವರ ಪಾಡಂತೂ ಹೇಳಬೇಕಾದುದಿಲ್ಲ. ಇದಕ್ಕೆ ಉಪಾಯ ಒಂದು ಸಾದಾ ನೋಟ್‌ಬುಕ್ಕು. ತಾರೀಖು, ಗುಳಿಗೆಗಳ ಹೆಸರು, ಪ್ರಮಾಣ, ರಕ್ತದ ಅಂಕಿಗಳು ಇಷ್ಟನ್ನು ಸಾಲಾಗಿ ಬರೆದಿಟ್ಟರೆ, ಐದು ವರ್ಷಗಳ ಇಳಿಕೆ ಯಾವ ವೈದ್ಯರಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತದೆ.

ಮನೋವೈದ್ಯವು ಹಳ್ಳಿಗಳಿಂದ ಬಹುದೂರದಲ್ಲಿದ್ದ ಕಾಲವೂ ಈಗಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಿತು. ಆ ಸಂಸ್ಥೆಯವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ, ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ತುರ್ತು ಬಂದಾಗ ಮಾತ್ರ ಫೋನನ್ನು ನೆಚ್ಚಿ ಕೂಡದೆ ಆಸ್ಪತ್ರೆಗೇ ಹೋಗಬೇಕು.

ಮತ್ತೆ ಆ ಮನೆಗೆ ಬರೋಣವಾಗಲಿ. ಆತನು ತಾಯಿಯ ಮಾತು ಕೇಳಿ ನೀರು ಬಿಡಲಿಲ್ಲ, ಗೆಳೆಯನ ಮಾತು ಕೇಳಿ ಗುಳಿಗೆಯನ್ನೂ ಬಿಡಲಿಲ್ಲ ಎಂದುಕೊಳ್ಳಬಹುದು. ಮೂತ್ರವನ್ನು ಅಳೆದು ಬರೆದುಕೊಂಡು, ಅಂಗಡಿಯಿಂದ ತಂದ ಸೊಂಟನೋವಿನ ಗುಳಿಗೆಯ ಖಾಲಿ ಚೀಟಿಯನ್ನೂ ಕಿಸೆಯಲ್ಲಿಟ್ಟುಕೊಂಡು ತನ್ನ ಮನೋವೈದ್ಯರ ಬಳಿಗೆ ಹೋದನು. ರಕ್ತ ನೋಡಿದರು, ನೋವಿನ ಗುಳಿಗೆ ಬಿಡಿಸಿದರು, ಲಿಥಿಯಮ್ಮನ್ನು ಸ್ವಲ್ಪ ತಗ್ಗಿಸಿ ರಾತ್ರಿಗೊಂದೇ ಸಲ ಮಾಡಿದರು, ತಿಂಗಳ ಬಳಿಕ ಮತ್ತೆ ಬರಹೇಳಿದರು. ಬಾಯಾರಿಕೆ ಪೂರ್ತಿ ಹೋಗಲಿಕ್ಕಿಲ್ಲ. ಆದರೆ ರಾತ್ರಿ ನಾಲ್ಕು ಸಲ ಏಳುವವನು ಎರಡು ಸಲ ಎದ್ದರೆ ಅದೂ ಗುಣವೇ. ತಾಯಿಯು ಈಗ ಮಲಗುವ ಮುನ್ನ ಮಗನ ತಲೆದೆಸೆಯಲ್ಲಿ ತುಂಬಿದ ತಂಬಿಗೆಯನ್ನು ತಾನೇ ಇಡುತ್ತಾಳೆ.